ಹಿರಿಯರ ಆರೈಕೆಗೂ ಪಂಚಾಯಿತಿ ಮುಂದೆ ಬರಲಿ

ಸಂಪಾದಕರೇ,

ಮಕ್ಕಳು ಬೆಂಗಳೂರು ಸೇರಿದ ಮೇಲೆ ಹಳ್ಳಿಯಲ್ಲಿ ಒಂಟಿಯಾಗಿ ಉಳಿದ ಹಿರಿಯರನ್ನು ವಿಚಾರಿಸಿಕೊಳ್ಳುವ ಹೊಣೆಯನ್ನು ಗ್ರಾಮ ಪಂಚಾಯಿತಿಯೂ ಹೊರಬೇಕು. ಪಿಂಚಣಿ ಬರುತ್ತದೆ, ನಿಜ. ಮಾತಾಡಿಸುವವರೂ ಬೇಕಲ್ವಾ? ಮನಸ್ಸಿನ ಕಷ್ಟ ಹೇಳಿಕೊಳ್ಳಲು 14416ರ ಟೆಲಿ ಮಾನಸ್ ಇದೆ, ಹಿರಿಯರಿಗೆಂದೇ 14567ರ ಸಹಾಯವಾಣಿಯೂ ಇದೆ, ಆದರೆ ಕಿವಿ ಮಂದವಾದ, ಫೋನ್ ಒತ್ತಲು ಬಾರದ ಅಜ್ಜಿಗೆ ಈ ನಂಬರ್‌ಗಳನ್ನು ತಿಳಿಸುವವರು ಯಾರು? ನಿದ್ದೆ ಬರಲ್ಲ, ಊಟ ಸೇರಲ್ಲ ಎಂದರೆ ‘ವಯಸ್ಸಾಯ್ತು ಬಿಡಿ’ ಎಂದು ಸುಮ್ಮನಾಗುತ್ತೇವೆ. ಅದು ಖಿನ್ನತೆಯೂ ಆಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ.

ಕೇರಳದಲ್ಲಿ ಸ್ಥಳೀಯ ಸಂಸ್ಥೆಗಳೇ ಹಿರಿಯರು ಹಗಲು ಕಳೆಯಲು ‘ಪಗಲ್ ವೀಡು’ ನಡೆಸುತ್ತವೆ, ಹಾಸಿಗೆ ಹಿಡಿದವರ ಮನೆಗೆ ನರ್ಸ್ ಕಳಿಸುತ್ತವೆ. ನಮ್ಮ ಪಂಚಾಯಿತಿಗಳೂ ನರೇಗಾ ಕೂಲಿಕಾರರ ಮಕ್ಕಳಿಗಾಗಿ ‘ಕೂಸಿನ ಮನೆ’ ತೆರೆದಿವೆ. ಇದೇ ರೀತಿ ಹಿರಿಯರಿಗೂ ಒಂದು ಜಾಗ ಮಾಡಿಕೊಡಬಹುದು. ಜಾಸ್ತಿ ಖರ್ಚೇನೂ ಬೇಡ. ಪಂಚಾಯಿತಿ ಗ್ರಂಥಾಲಯದ ಪಕ್ಕ ಒಂದು ಕೋಣೆ, ಮಧ್ಯಾಹ್ನ ಬಿಸಿಯೂಟ, ತಿಂಗಳಿಗೊಮ್ಮೆ ಮನೋವೈದ್ಯರ ಭೇಟಿ, ಮನೆಯಿಂದ ಹೊರಬರಲಾಗದವರನ್ನು ಆಶಾ ಕಾರ್ಯಕರ್ತೆಯರು ನೋಡಿಕೊಂಡು ಬಂದರೆ ಅವರಿಗೆ ಅದಕ್ಕೆ ಬೇರೆ ಗೌರವಧನ. ಮುಂದಿನ ಗ್ರಾಮಸಭೆಯಲ್ಲೇ ಇದನ್ನು ಚರ್ಚಿಸಿ ಹಣ ತೆಗೆದಿಡಲಿ.

– ಒಬ್ಬ ಓದುಗ, ತಿಪಟೂರು