ಪ್ಯಾರಿಸ್ ಪ್ಯಾಕೇಜ್: ‘ಒಳಗಾ, ಹೊರಗಿನಿಂದಾ?’ ಎಂದು ಕೇಳಿ

ಮಾನ್ಯರೇ,

ಬೇಸಿಗೆ ರಜೆಗೆ ಯುರೋಪ್ ಟೂರ್ ಬುಕ್ ಮಾಡುವ ಬೆಂಗಳೂರಿನವರು ಹಣ ಕಟ್ಟುವ ಮೊದಲು ಏಜೆನ್ಸಿ ಕೊಡುವ ಪ್ರವಾಸದ ಪಟ್ಟಿಯ ಪ್ಯಾರಿಸ್ ಪುಟವನ್ನು ನಿಧಾನವಾಗಿ ಓದಬೇಕು. ಲೂವ್ರ್ ಮ್ಯೂಸಿಯಂ, ಐಫೆಲ್ ಟವರ್, ನೋತ್ರ್ ದಾಮ್ ಚರ್ಚ್ ಎಲ್ಲವೂ ಒಂದೇ ಸಾಲಿನಲ್ಲಿರುತ್ತವೆ. ಯಾವುದರ ಒಳಗೆ ಕರೆದೊಯ್ಯುತ್ತಾರೆ, ಯಾವುದನ್ನು ಬಸ್ಸಿನ ಕಿಟಕಿಯಿಂದ ತೋರಿಸಿ ಮುಗಿಸುತ್ತಾರೆ ಎಂಬುದು ಮಾತ್ರ ಇರುವುದಿಲ್ಲ. ‘ಫೋಟೊ ಸ್ಟಾಪ್’ ಎಂದಿದ್ದರೆ ಪ್ರವೇಶ ಟಿಕೆಟ್ ಸೇರಿಲ್ಲ ಎಂದೇ ಅರ್ಥ. ಐಫೆಲ್ ಟಿಕೆಟ್ ಎರಡನೇ ಹಂತಕ್ಕೋ, ತುದಿಗೋ ಎಂದೂ ಕೇಳಿ ಬರವಣಿಗೆಯಲ್ಲಿ ಪಡೆಯಬೇಕು. ಏಜೆನ್ಸಿಗಳು ಇಷ್ಟನ್ನು ತಾವಾಗಿಯೇ ಮುದ್ರಿಸಿದರೆ ಅವರ ಗಂಟೇನೂ ಹೋಗುವುದಿಲ್ಲ.

ವಾರದ ಲೆಕ್ಕ ಇನ್ನೂ ಮುಖ್ಯ. ಲೂವ್ರ್‌ಗೆ ಮಂಗಳವಾರ ರಜೆ. ಓರ್ಸೆ ಮ್ಯೂಸಿಯಂ ಮತ್ತು ವರ್ಸೈ ಅರಮನೆಗೆ ಸೋಮವಾರ. ಹಾಗಾಗಿ ಸೋಮವಾರದ ಜನವೆಲ್ಲ ಲೂವ್ರ್‌ಗೆ ನುಗ್ಗುತ್ತದೆ, ಮಂಗಳವಾರದ ಜನ ವರ್ಸೈಗೆ. ಬುಧವಾರ, ಶುಕ್ರವಾರ ಲೂವ್ರ್ ರಾತ್ರಿ 9ರವರೆಗೆ ತೆರೆದಿರುವುದರಿಂದ ಆ ಸಂಜೆಗಳೇ ವಾಸಿ. 2026ರ ಜನವರಿಯಿಂದ ನಮ್ಮಂಥ ಯುರೋಪಿನ ಹೊರಗಿನವರಿಗೆ ಟಿಕೆಟ್ 32 ಯೂರೊ. 18 ವರ್ಷದೊಳಗಿನವರಿಗೆ ಉಚಿತ. ಮೊನಾಲಿಸಾ ಚಿತ್ರ 77 ಸೆಂ.ಮೀ. ಎತ್ತರ, 53 ಸೆಂ.ಮೀ. ಅಗಲ, ಅಷ್ಟೆ. ಅದೇ ಕೋಣೆಯ ಎದುರು ಗೋಡೆಯಲ್ಲಿ ವೆರೊನೀಸ್ ಎಂಬ ಕಲಾವಿದನ ಹತ್ತು ಮೀಟರ್‌ನಷ್ಟು ಅಗಲದ ಚಿತ್ರವಿದೆ. ಮೊಬೈಲ್ ಎತ್ತಿ ಹಿಡಿದವರೆಲ್ಲ ಅದಕ್ಕೆ ಬೆನ್ನು ಹಾಕಿರುತ್ತಾರೆ!

ಸ್ವಂತವಾಗಿ ಹೋಗುವವರಿಗೆ ಐಫೆಲ್‌ನ ಲಿಫ್ಟ್ ಟಿಕೆಟ್ ಅಧಿಕೃತ ಜಾಲತಾಣದಲ್ಲಿ 60 ದಿನ ಮೊದಲು ಸಿಗುತ್ತದೆ. ಅದು ಖಾಲಿಯಾಗಿದ್ದರೆ ಎರಡನೇ ಹಂತಕ್ಕೆ 674 ಮೆಟ್ಟಿಲು ಹತ್ತುವ ಟಿಕೆಟ್ ನೋಡಬಹುದು. ಮಂಡಿ ನೋವಿನವರಿಗೆ ಬೇಡ. ಗಾಳಿ ಜೋರಾದರೆ ತುದಿಗೆ ಬಿಡುವುದಿಲ್ಲ. 2019ರ ಬೆಂಕಿಯ ನಂತರ 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದ ನೋತ್ರ್ ದಾಮ್‌ಗೆ ಪ್ರವೇಶ ಉಚಿತ. ಗೋಪುರ ಹತ್ತಲು, ಖಜಾನೆ ನೋಡಲು ಮಾತ್ರ ಟಿಕೆಟ್. ಬರೀ ಒಳಹೋಗಲು ಯಾರಾದರೂ ಹಣ ಕೇಳಿದರೆ ಕೊಡಬೇಕಿಲ್ಲ.

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಲ್ಲುವ ಷೆಂಗೆನ್ ವೀಸಾ ಅರ್ಜಿಯನ್ನು ಹೊರಡುವುದಕ್ಕೆ ಆರು ತಿಂಗಳು ಇರುವಾಗಿನಿಂದ ಹಾಕಬಹುದು. ಕಡೆಯ ಗಡುವು 15 ದಿನ. ಏಪ್ರಿಲ್, ಮೇ ಪ್ರಯಾಣಕ್ಕೆ ಆ ಗಡುವನ್ನು ನೆಚ್ಚಿಕೊಂಡರೆ ಅರ್ಜಿ ಕೊಡುವ ಸ್ಲಾಟೇ ಸಿಗದು. ಹೆಚ್ಚು ದಿನ ಯಾವ ದೇಶದಲ್ಲಿ ಇರುತ್ತೇವೋ ಅಲ್ಲಿಗೇ ಅರ್ಜಿ ಹಾಕಬೇಕು. ‘ಬೇರೆ ದೇಶದ ಸ್ಲಾಟ್ ಖಾಲಿ ಇದೆ’ ಎಂಬ ಸಲಹೆ ಕೇಳಿದರೆ ವೀಸಾ ತಿರಸ್ಕಾರವಾಗಬಹುದು. ಪ್ರಯಾಣ ವಿಮೆಯ ರಕ್ಷಣೆಯ ಮೊತ್ತ ಕನಿಷ್ಠ 30,000 ಯೂರೊ ಇರಬೇಕು. ನಮ್ಮ ಕಡೆ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವವರು, ಇನಿಷಿಯಲ್ ಬಿಡಿಸಿ ಬರೆಸಿದವರು ಬಹಳ. ವಿಮಾನ ಟಿಕೆಟ್, ವಿಮೆ, ಹೋಟೆಲ್ ಮೂರರಲ್ಲೂ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇದೆಯೇ ಎಂದು ಅರ್ಜಿ ಕೊಡುವ ಮುನ್ನ ತಾಳೆ ನೋಡಬೇಕು.

ದಂಡ ಬೀಳುವುದು ಮೆಟ್ರೊದಲ್ಲಿ. ಎರಡೂವರೆ ಯೂರೊ ಆಸುಪಾಸಿನ ಮಾಮೂಲಿ ಟಿಕೆಟ್‌ನಲ್ಲಿ ವರ್ಸೈವರೆಗೂ ಹೋಗಬಹುದು, ವಿಮಾನ ನಿಲ್ದಾಣಕ್ಕೆ ಆಗದು. ಅದಕ್ಕೆ ಬೇರೆಯೇ ಟಿಕೆಟ್. ಬಸ್ಸಿನ ಟಿಕೆಟ್ ಕೂಡ ಬೇರೆ. ಟಿಕೆಟ್ ತುಂಬಿಸಿಕೊಳ್ಳುವ ‘ನಾವಿಗೊ ಈಜಿ’ ಕಾರ್ಡ್ ತಲೆಗೊಂದು ಬೇಕು. ಒಂದನ್ನೇ ಇಡೀ ಕುಟುಂಬ ಉಜ್ಜುವಂತಿಲ್ಲ. ನಿಲ್ದಾಣದಿಂದ ಹೊರಬರುವವರೆಗೆ ಅದು ಕೈಯಲ್ಲೇ ಇರಲಿ, ತನಿಖೆಯವರು ಹೊರದಾರಿಯಲ್ಲೇ ನಿಂತಿರುತ್ತಾರೆ. ನಾವಿಗೊ ವಾರದ ಪಾಸ್ ಸೋಮವಾರದಿಂದ ಭಾನುವಾರಕ್ಕೆ, ಯಾವ ದಿನ ಕೊಂಡರೂ. ಸೋಮವಾರ ಇಳಿದವರಿಗೆ ಲಾಭ, ಗುರುವಾರ ಇಳಿದವರಿಗೆ ನಷ್ಟ.

ಸಾಕ್ರೆ ಕರ್ ಚರ್ಚ್‌ನ ಮೆಟ್ಟಿಲ ಬಳಿ ಬೆರಳಿಗೆ ದಾರ ಸುತ್ತಲು ಬರುವವರಿಂದ, ಸಹಿ ಸಂಗ್ರಹದ ಹಲಗೆ ಹಿಡಿದವರಿಂದ ದೂರವಿರಿ. ಹಲಗೆಯ ಅಡಿಯಲ್ಲಿ ಇನ್ನೊಂದು ಕೈ ನಿಮ್ಮ ಬ್ಯಾಗಿನಲ್ಲಿರುತ್ತದೆ.

ಊಟದ ವೇಳೆ ನಮ್ಮಂತಲ್ಲ. ಬಹುತೇಕ ರೆಸ್ಟೊರೆಂಟ್‌ಗಳ ಅಡುಗೆಮನೆ ಮಧ್ಯಾಹ್ನ ಎರಡೂವರೆಗೆ ಮುಚ್ಚಿದರೆ ತೆರೆಯುವುದು ಸಂಜೆ ಏಳಕ್ಕೆ. ಸಕ್ಕರೆ ಕಾಯಿಲೆಯ ಹಿರಿಯರಿಗೆ ಬ್ಯಾಗಿನಲ್ಲಿ ಚಪಾತಿಯೋ ಚಟ್ನಿಪುಡಿ ಸವರಿದ ಬ್ರೆಡ್ಡೋ ಇರಲೇಬೇಕು. ಇಡ್ಲಿ, ದೋಸೆ ಬೇಕೆಂದರೆ ಗಾರ್ ದ್ಯು ನೋರ್ ರೈಲು ನಿಲ್ದಾಣದ ಹಿಂದಿನ ಲಾ ಶಾಪೆಲ್ ಬೀದಿಗಳಲ್ಲಿ ಶ್ರೀಲಂಕಾ ತಮಿಳರ ಹೋಟೆಲುಗಳಿವೆ. ಊಟದ ಜೊತೆ ‘ಕರಾಫ್ ದೋ’ ಎಂದು ಕೇಳಿದರೆ ಹೂಜಿಯಲ್ಲಿ ನಲ್ಲಿ ನೀರು ಪುಕ್ಕಟೆ ಕೊಡುತ್ತಾರೆ. ಬರೀ ‘ವಾಟರ್’ ಎಂದರೆ ಬಾಟಲಿ ಬರುತ್ತದೆ, ಬಿಲ್ಲಿನಲ್ಲೂ ಬರುತ್ತದೆ.

– ಓದುಗರು, ಬಸವನಗುಡಿ, ಬೆಂಗಳೂರು