ಒಂದು ದೀಪಾವಳಿಯಿಂದ ಇನ್ನೊಂದು ದೀಪಾವಳಿಗೆ ಬಾಕಿ: 5,200 ರೂಪಾಯಿ

ಹುಬ್ಬಳ್ಳಿ
10 ನವೆಂಬರ್ 2025

ಇವರಿಗೆ,
ವ್ಯವಸ್ಥಾಪಕರು ಮತ್ತು ಪ್ರಕಾಶಕರು,
ಮಾಸಪತ್ರಿಕೆ ವಿಭಾಗ, ಬೆಂಗಳೂರು

ವಿಷಯ: 2024ರ ದೀಪಾವಳಿ ವಿಶೇಷಾಂಕದ ಲೇಖನ ಮತ್ತು ಫೋಟೊಗಳು, 2025ರ ಜನವರಿ ಸಂಚಿಕೆಯ ಬರಹ - ಇವುಗಳ ಸಂಭಾವನೆ ಬಾರದಿರುವ ಬಗ್ಗೆ.

ಮಾನ್ಯರೇ,

ಹೋದ ತಿಂಗಳು ನಿಮ್ಮ ಈ ವರ್ಷದ ದೀಪಾವಳಿ ವಿಶೇಷಾಂಕ ಹುಬ್ಬಳ್ಳಿ ಬಸ್ ನಿಲ್ದಾಣದ ಅಂಗಡಿಯಲ್ಲಿ ನೇತಾಡುತ್ತಿತ್ತು. ಮುಖಪುಟ ಚೆನ್ನಾಗಿದೆ. ನನಗೆ ಮಾತ್ರ ಹೋದ ವರ್ಷದ ವಿಶೇಷಾಂಕದ ದುಡ್ಡೇ ಇನ್ನೂ ಬಂದಿಲ್ಲ. ಇಷ್ಟು ದಿನ ಫೋನು, ವಾಟ್ಸಾಪ್ ಅಂತ ಕೇಳಿದ್ದಾಯಿತು. ಇನ್ನು ಕಾಗದದಲ್ಲೇ ಕೇಳೋಣ ಎಂದು ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಮೊದಲಾಗಿದ್ದರೆ ರಿಜಿಸ್ಟರ್ ಮಾಡುತ್ತಿದ್ದೆ. ಈಚೆಗೆ ಅಂಚೆಯವರು ಅದನ್ನೂ ಸ್ಪೀಡ್ ಪೋಸ್ಟಿಗೆ ಸೇರಿಸಿಬಿಟ್ಟಿದ್ದಾರೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಮರದ ಗೊಂಬೆಗಳ ಬಗ್ಗೆ 1,800 ಪದದ ಲೇಖನಕ್ಕೆ 3,000. ಅದರ ಜತೆ ನೀವು ಅಚ್ಚು ಹಾಕಿದ ನನ್ನ 4 ಫೋಟೊಗಳಿಗೆ ತಲಾ 250ರಂತೆ 1,000. ಸಂಕ್ರಾಂತಿಯ ಕುಸುರೆಳ್ಳು ಬಗ್ಗೆ ಜನವರಿಯಲ್ಲಿ ಬಂದ ಒಂದು ಪುಟದ ಬರಹಕ್ಕೆ 1,200. ಒಟ್ಟು 5,200. ಈ ದರ ನಾನು ಕೇಳಿದ್ದಲ್ಲ, ನಿಮ್ಮ ಸಂಪಾದಕರೇ ಹೇಳಿದ್ದು. ಅವರ ಆ ಮೆಸೇಜಿನ ಪ್ರಿಂಟ್ ಇದರ ಜತೆ ಇದೆ.

ಲೇಖನ ಹೇಗೆ ಹುಟ್ಟಿತು ಅನ್ನುವುದನ್ನೂ ಒಂಚೂರು ಹೇಳಬೇಕು. ಯಾಕೆಂದರೆ ನಿಮ್ಮ ಅಕೌಂಟ್ಸ್ ವಿಭಾಗದವರು ಒಮ್ಮೆ ಫೋನಿನಲ್ಲಿ, ‘ಮನೇಲಿ ಕೂತು ಬರೆದಿದ್ದಲ್ವಾ ಮೇಡಂ, ಅರ್ಜೆಂಟ್ ಏನಿದೆ’ ಎಂದರು. ಮನೆಯಲ್ಲಿ ಕೂತು ಬರೆದಿದ್ದಲ್ಲ. 2024ರ ಜುಲೈನಲ್ಲಿ ನಿಮ್ಮ ಸಂಪಾದಕರು ಫೋನ್ ಮಾಡಿ ಹಬ್ಬಕ್ಕೆ ಕಿನ್ನಾಳದ ಬಗ್ಗೆ ಬೇಕು ಎಂದ ಮೇಲೆ ಎರಡು ಸಲ ಹೋಗಿ ಬಂದೆ. ಕೊಪ್ಪಳದ ತನಕ ರೈಲು, ಅಲ್ಲಿಂದ ಬಸ್ಸು. ಮೊದಲ ಸಲ ಹೋದಾಗ ಜೋರು ಮಳೆ. ಬಣ್ಣ ಒಣಗುವುದಿಲ್ಲ ಎಂದು ಅವತ್ತು ಯಾರೂ ಕುಂಚ ಮುಟ್ಟಿರಲಿಲ್ಲ. ಅದಕ್ಕೇ ಎರಡನೇ ಸಲ ಹೋಗಿದ್ದು. ಹಗುರ ಮರದ ತುಂಡುಗಳನ್ನು ಜೋಡಿಸುವುದು, ಹುಣಸೆಬೀಜದ ಅಂಟು ಕಾಯಿಸುವುದು, ಕಟ್ಟಿಗೆ ಪುಡಿ ಕಲಸಿ ಸಂದು ಮುಚ್ಚುವುದು, ಆಮೇಲೆ ಕಲ್ಲುಪುಡಿಯ ಕಣಕದಲ್ಲಿ ಗೊಂಬೆಗೆ ಉಬ್ಬು ಒಡವೆ ಮೂಡಿಸುವುದು. ಇಷ್ಟನ್ನೂ ಪಕ್ಕದಲ್ಲಿ ಕೂತು ನೋಡಿ ಬರೆದೆ. ಅಂಟಿನ ವಾಸನೆ ಎರಡು ದಿನ ನನ್ನ ಚೀಲದಲ್ಲೇ ಇತ್ತು.

ಅಲ್ಲಿ ಒಬ್ಬ ಹಿರಿಯ ಚಿತ್ರಗಾರರು ಗರುಡನ ರೆಕ್ಕೆ ಉಜ್ಜುತ್ತಾ ಕೇಳಿದರು: ‘ಇದನ್ನ ಬರದ್ರ ನಿಮಗ ಎಷ್ಟ್ ಕೊಡ್ತಾರ್ರೀ?’ ಹೇಳಿದೆ. ‘ಅಡ್ವಾನ್ಸ್ ಇಸ್ಕೊಂಡೀರೇನು?’ ಇಲ್ಲ ಎಂದೆ. ಅವರು ಒಂದು ಗಳಿಗೆ ಉಜ್ಜುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಅವತ್ತು ನಾನು ನಕ್ಕುಬಿಟ್ಟೆ.

ಸೆಪ್ಟೆಂಬರ್ 10ಕ್ಕೆ ಲೇಖನ ಕಳಿಸಿದೆ. ಮಾರನೇ ದಿನ ‘ಯುನಿಕೋಡ್ ಬೇಡ, ನುಡಿಯಲ್ಲಿ ಕಳಿಸಿ’ ಎಂದಿರಿ. ನುಡಿ ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸಿದರೆ ಅರ್ಕಾವೊತ್ತುಗಳೆಲ್ಲ ಎಲ್ಲೆಲ್ಲೋ ಹೋಗಿ ಕೂತವು. ಒಂದು ಸಂಜೆ ಪೂರ್ತಿ ಅವನ್ನು ಹುಡುಕಿ ಹುಡುಕಿ ಸರಿ ಮಾಡಿದೆ. ಅದಕ್ಕೇನೂ ದುಡ್ಡು ಕೇಳುತ್ತಿಲ್ಲ ಬಿಡಿ. ಗೌರವ ಪ್ರತಿಯೂ ಬರಲಿಲ್ಲ, ಕೊಂಡುಕೊಂಡೆ. ಕಿನ್ನಾಳಕ್ಕೂ ಎರಡು ಪ್ರತಿ ನಾನೇ ಕಳಿಸಿದೆ.

ಇನ್ನು ದುಡ್ಡಿನ ಕಥೆ. ಡಿಸೆಂಬರಿನಲ್ಲಿ ಕೇಳಿದಾಗ ‘ಮುಂದಿನ ವಾರ’ ಎಂದಿರಿ. ಆ ಮುಂದಿನ ವಾರದಲ್ಲಿ ಬೇಕಾದ ಕಾಗದಪತ್ರ ಎಲ್ಲ ತರಿಸಿಕೊಂಡಿರಿ: ಪ್ಯಾನ್ ಕಾರ್ಡಿನ ನಕಲು, ಅದರ ಮೇಲೆ ಸಹಿ, ಪಾಸ್‌ಬುಕ್ಕಿನ ಮೊದಲ ಪುಟ, ಒಂದು ಬಿಲ್ಲು. ಆಮೇಲೆ ‘ಟಿಡಿಎಸ್ ಲೆಕ್ಕ ಆಗಬೇಕು’ ಎಂಬ ಉತ್ತರ ಬಂತು. ಟಿಡಿಎಸ್ ಅಂದರೆ ಕೊಡುವ ಹಣದಲ್ಲೇ ಮುರಿದುಕೊಳ್ಳುವ ತೆರಿಗೆ, ಆ ಲೆಕ್ಕ ಕಷ್ಟದ್ದೇನಲ್ಲ. ವೃತ್ತಿಸೇವೆಯ ಹಣಕ್ಕೆ ಟಿಡಿಎಸ್ ಹಿಡಿಯಬೇಕಾದದ್ದು ಒಬ್ಬರಿಗೆ ವರ್ಷದಲ್ಲಿ ಕೊಡುವ ಮೊತ್ತ 30,000 ದಾಟಿದರೆ. ಈ ಏಪ್ರಿಲಿನಿಂದ ಆ ಮಿತಿ 50,000 ಆಗಿದೆ. ನನ್ನದು 5,200. ನೀವು ನನಗೆ 50,000 ಕೊಡುವ ದಿನ ಬಂದರೆ ನಾನೇ ಬಂದು ಟಿಡಿಎಸ್ ಕಟ್ಟಿಸಿಕೊಳ್ಳುತ್ತೇನೆ.

ಫೆಬ್ರವರಿಯಲ್ಲಿ ಹೊಸ ಸುದ್ದಿ. ‘ಹಣ ಹಾಕಿದ್ದೆವು, ವಾಪಸ್ ಬಂತು, ನಿಮ್ಮ ಅಕೌಂಟ್ ನಂಬರ್ ಸರಿಯಿಲ್ಲ.’ ಗಾಬರಿಯಾಗಿ ಬ್ಯಾಂಕಿಗೆ ಓಡಿದೆ. ಅಕೌಂಟ್ ಸರಿಯಾಗೇ ಇತ್ತು. ನೀವು ಬಳಸಿದ್ದು 2019ರಲ್ಲಿ ನಾನು ಇನ್ನೊಂದು ಲೇಖನಕ್ಕೆ ಕೊಟ್ಟಿದ್ದ ಹಳೇ ಐಎಫ್‌ಎಸ್‌ಸಿ ಕೋಡನ್ನು, ಅಂದರೆ ಬ್ಯಾಂಕ್ ಶಾಖೆಯ ಗುರುತನ್ನು. ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿಹೋಗಿದ್ದು 2020ರ ಏಪ್ರಿಲಿನಲ್ಲಿ. ಎಸ್‌ವೈಎನ್‌ಬಿ ಅಂತ ಶುರುವಾಗುವ ಕೋಡುಗಳು 2021ರ ಜುಲೈ 1ರಿಂದ ನಡೆಯುವುದಿಲ್ಲ. ನಮ್ಮ ಕಡೆ ಕಿರಾಣಿ ಅಂಗಡಿಯವರಿಗೂ ಗೊತ್ತಿರುವ ವಿಷಯ ಇದು. ಡಿಸೆಂಬರಿನಲ್ಲಿ ನಾನು ಕಳಿಸಿದ ಪಾಸ್‌ಬುಕ್ ಪುಟದಲ್ಲಿ ಹೊಸ ಕೋಡೇ ಇತ್ತು. ಅದನ್ನು ಯಾರೂ ತೆರೆದು ನೋಡಿಲ್ಲ, ಅಷ್ಟೇ. ವಾಪಸ್ ಬಂದ ಆ ಹಣದ ಯುಟಿಆರ್ ನಂಬರ್, ಅಂದರೆ ಬ್ಯಾಂಕಿನ ವರ್ಗಾವಣೆ ಗುರುತು, ಕೊಡಿ ಎಂದು ಮೂರು ಸಲ ಕೇಳಿದೆ. ಮೂರು ಸಲವೂ ಕೈಮುಗಿದ ಎಮೋಜಿ ಬಂತು.

ಇನ್ನೊಮ್ಮೆ ‘ಇವತ್ತು ಎರಡನೇ ಶನಿವಾರ, ಬ್ಯಾಂಕ್ ಇಲ್ಲ’ ಎಂದರು. ಖಾತೆಯಿಂದ ಖಾತೆಗೆ ಹಣ ಕಳಿಸುವ ನೆಫ್ಟ್ 2019ರ ಡಿಸೆಂಬರಿನಿಂದ ಹಗಲೂ ರಾತ್ರಿ, ಹಬ್ಬಹರಿದಿನವೂ ನಡೆಯುತ್ತದೆ ಸ್ವಾಮಿ.

ನನಗೆ ನಿಜಕ್ಕೂ ಬೇಜಾರಾಗಿದ್ದು ಚೆಕ್ಕಿನ ವಿಷಯದಲ್ಲಿ. ಮೇ 2ರಂದು ಅಂಚೆಯವರು ನಿಮ್ಮ ಕವರು ತಂದುಕೊಟ್ಟರು. ಒಳಗೆ 4,000ದ ಚೆಕ್. ಕುಸುರೆಳ್ಳಿನ 1,200 ಅದರಲ್ಲಿಲ್ಲ. ಇರಲಿ, ಇಷ್ಟಾದರೂ ಬಂತಲ್ಲ ಎಂದು ಮಧ್ಯಾಹ್ನವೇ ಬ್ಯಾಂಕಿಗೆ ಹೋದೆ. ಕೌಂಟರಿನ ಹುಡುಗಿ ಚೆಕ್ಕನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು, ಆಮೇಲೆ ತಾರೀಕಿನ ಮೇಲೆ ಬೆರಳಿಟ್ಟಳು. 15-01-2025. ಚೆಕ್ಕಿಗೆ ಮೂರೇ ತಿಂಗಳ ಆಯುಸ್ಸು. 2012ರ ಏಪ್ರಿಲಿನಿಂದ ರಿಸರ್ವ್ ಬ್ಯಾಂಕಿನ ನಿಯಮ ಹಾಗಿದೆ. ‘ಆಂಟಿ, ಇದು ಹೋಗಿ ಎರಡು ವಾರ ಆಯ್ತು’ ಎಂದಳು, ಯಾರೋ ತೀರಿಕೊಂಡ ಸುದ್ದಿ ಹೇಳುವ ಹಾಗೆ. ಮನೆಗೆ ಬಂದು ಕವರಿನ ಮೇಲಿನ ಅಂಚೆ ಮುದ್ರೆ ನೋಡಿದೆ. ಏಪ್ರಿಲ್ 28. ಜನವರಿಯಲ್ಲಿ ಬರೆದ ಚೆಕ್ಕು ನೂರು ದಿನಕ್ಕೂ ಜಾಸ್ತಿ ನಿಮ್ಮ ಡ್ರಾಯರಿನಲ್ಲಿ ಮಲಗಿ, ಸತ್ತ ಮೇಲೆ ನನ್ನ ಮನೆಗೆ ಹೊರಟಿದೆ. ಇದು ಮರೆವೋ ಬೇರೇನೋ ಎಂದು ನಾನು ಊಹಿಸಲು ಹೋಗುವುದಿಲ್ಲ. ಆದರೆ ನಿಮ್ಮ ಪುಸ್ತಕದಲ್ಲಿ ನನಗೆ ಜನವರಿಯಲ್ಲೇ ಹಣ ಕೊಟ್ಟಾಗಿದೆ ಅಂತ ಇರಬಹುದು. ಅದಕ್ಕೇ ಹೇಳುತ್ತಿದ್ದೇನೆ: ಆ ಚೆಕ್ ನಗದಾಗಿಲ್ಲ. ಅದನ್ನು ಈ ಪತ್ರದ ಜತೆ ವಾಪಸ್ ಕಳಿಸುತ್ತಿದ್ದೇನೆ, ಕವರಿನ ಫೋಟೊ ಸಮೇತ.

ನಿಮ್ಮ ಕಷ್ಟ ಗೊತ್ತಿಲ್ಲ ಅಂದುಕೊಳ್ಳಬೇಡಿ. ಕಾಗದದ ಬೆಲೆ ಎಲ್ಲಿಗೆ ಹೋಗಿದೆ ಅಂತ ಗೊತ್ತು. ಏಜೆಂಟರು ಮಾರಿದ ಪ್ರತಿಯ ದುಡ್ಡು ತಿಂಗಳುಗಟ್ಟಲೆ ತಡೆದು ಕೊಡುತ್ತಾರೆ, ಮಾರದ ಪ್ರತಿಗಳನ್ನು ಕಟ್ಟಿ ವಾಪಸ್ ಹಾಕುತ್ತಾರೆ. ಜಾಹೀರಾತಿನ ಬಿಲ್ಲು ಬರುವುದೂ ತಡ. ಕನ್ನಡದಲ್ಲಿ ಸಣ್ಣ ಪತ್ರಿಕೆ ನಡೆಸುವವರ ಮೇಲೆ ನನಗೆ ಪ್ರೀತಿ ಇದೆ, ಇಲ್ಲದಿದ್ದರೆ ವರ್ಷ ಕಾಯುತ್ತಿರಲಿಲ್ಲ. ಆದರೆ ಒಂದು ಮಾತು ಕೇಳಿ. ದುಡ್ಡು ಎಣಿಸದೆ ಪ್ರೆಸ್ಸಿನವರು ನಿಮಗೆ ಬಂಡಲ್ ಬಿಡುತ್ತಾರಾ? ಅಂಚೆ ಕಚೇರಿಯವರು ‘ಜಾಹೀರಾತಿನ ಬಿಲ್ ಬಂದ ಮೇಲೆ ಕೊಡಿ’ ಎಂದು ಸ್ಟಾಂಪ್ ಹೊಡೆಯುತ್ತಾರಾ? ಅವರೆಲ್ಲರಿಗೂ ಕೊಟ್ಟು ಉಳಿದರೆ ಲೇಖಕರಿಗೆ. ಅಂದರೆ ನಿಮ್ಮ ಪತ್ರಿಕೆಗೆ ಬಡ್ಡಿ ಇಲ್ಲದೆ ಸಾಲ ಕೊಡುತ್ತಿರುವವರು ನಾವು. ಸಾಲ ಕೊಡುತ್ತಿದ್ದೇವೆ ಅಂತ ನಮಗೆ ಯಾರೂ ಹೇಳಿರಲಿಲ್ಲ.

ಇದಕ್ಕೆ ಆ ‘ಗೌರವಧನ’ ಎನ್ನುವ ಪದವೂ ಒಂದು ಕಾರಣ ಅನ್ನಿಸುತ್ತದೆ. ಕೂಲಿ ಅಂದರೆ ಸಂಜೆಗೆ ಕೊಡಬೇಕು. ಬಿಲ್ ಅಂದರೆ ತಿಂಗಳಿಗೆ ಕೊಡಬೇಕು. ಗೌರವಧನ ಅಂದರೆ ಮನಸ್ಸು ಬಂದಾಗ ಕೊಟ್ಟರೆ ಸಾಕು, ಹಾಗಾಗಿದೆ. ನನ್ನ ಮೊದಲ ಬರಹಕ್ಕೆ 75 ರೂಪಾಯಿ ಮನಿಯಾರ್ಡರ್ ಬಂದಿತ್ತು. ಅಂಚೆಯಣ್ಣ ಅಂಗಳದಲ್ಲಿ ನಿಂತು ಎಣಿಸಿ ಕೊಟ್ಟ. ಆ ಚೀಟಿ ಈಗಲೂ ಇದೆ. ಆಗ ಫೋನಿಲ್ಲ, ನೆಫ್ಟ್ ಇಲ್ಲ, ಆದರೂ ಬರಹ ಅಚ್ಚಾದ ತಿಂಗಳೊಳಗೆ ದುಡ್ಡು ಕೈಯಲ್ಲಿತ್ತು. ನನ್ನ ಬಿಲ್ಲಿನಲ್ಲಿ ನಾನು ಬೇಕೆಂತಲೇ ‘ಬರವಣಿಗೆಯ ಶುಲ್ಕ’ ಎಂದು ಬರೆದಿದ್ದೇನೆ. ನೀವೂ ಹಾಗೇ ಬರೆದುಕೊಳ್ಳಿ.

ಕಾನೂನಿನ ಮಾತು ಎತ್ತುವುದು ನನಗೆ ಇಷ್ಟವಿಲ್ಲ, ಆದರೂ ಗೊತ್ತಿರಲಿ. ಬರವಣಿಗೆ, ಅನುವಾದ ನನ್ನ ಹೊಟ್ಟೆಪಾಡು. 2023ರಲ್ಲೇ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ಉದ್ಯಮ್, ಮಾಡಿಸಿದ್ದೇನೆ. 2006ರ ಸಣ್ಣ ಉದ್ಯಮಗಳ ಕಾಯ್ದೆ ಪ್ರಕಾರ ಅಂಥವರ ಹಣವನ್ನು, ಒಪ್ಪಂದ ಏನೇ ಇದ್ದರೂ, 45 ದಿನಕ್ಕಿಂತ ಜಾಸ್ತಿ ಹಿಡಿದಿಡುವ ಹಾಗಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. 2025ರ ನವೆಂಬರಿನಲ್ಲಿ ಆ ದರ ಶೇ 5.75. ಮೂರು ಪಟ್ಟು ಎಂದರೆ ಶೇ 17.25. ನನ್ನ 5,200ಕ್ಕೆ ವರ್ಷಕ್ಕೆ ಒಂಬೈನೂರು ಚಿಲ್ಲರೆ ಆಗುತ್ತದೆ. ಇಂಥ ದೂರುಗಳಿಗೆ ಅಂತಲೇ ಸರ್ಕಾರ ಸಮಾಧಾನ್ ಎಂಬ ಪೋರ್ಟಲ್ ಮಾಡಿದೆ. ಹೆಸರು ಚೆನ್ನಾಗಿದೆ, ಅಲ್ವಾ? ಅಸಲು ಬಂದರೆ ಸಾಕು, ಬಡ್ಡಿ ಬೇಡ. ಆದರೆ ಇನ್ನೊಂದು ದೀಪಾವಳಿ ತನಕ ಕಾಯುವ ಸಮಾಧಾನ ನನ್ನಲ್ಲಿಲ್ಲ.

ಇನ್ನೂ ಒಂದು ಇದೆ. ಜೂನಿನಲ್ಲಿ ಅದೇ ಲೇಖನವನ್ನು, ಫೋಟೊ ಸಮೇತ, ನಿಮ್ಮ ಮೊಬೈಲ್ ಆ್ಯಪಿನಲ್ಲಿ ಹಾಕಿದ್ದೀರಿ. ನಾನು ಒಪ್ಪಿದ್ದು ಒಂದು ಸಂಚಿಕೆಯ ಅಚ್ಚಿಗೆ. ಹಕ್ಕು ಬಿಟ್ಟುಕೊಡುವ ಯಾವ ಕಾಗದಕ್ಕೂ ನಾನು ಸಹಿ ಹಾಕಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಬಾಯಿಮಾತಿನ ಹಕ್ಕು ವರ್ಗಾವಣೆಗೆ ಬೆಲೆಯಿಲ್ಲ. ಹಣ ಕೊಡುವವರೆಗೆ ಅದನ್ನು ಆ್ಯಪಿನಿಂದ ತೆಗೆಯಿರಿ. ಕೊಟ್ಟ ಮೇಲೆ ಮತ್ತೆ ಹಾಕುವುದಾದರೆ ಒಂದು ಮಾತು ಕೇಳಿ, ನಾನೇನೂ ಬೇಡ ಅನ್ನುವವಳಲ್ಲ.

ಆಗಸ್ಟಿನಲ್ಲಿ ನಿಮ್ಮಿಂದ ಮತ್ತೆ ಮೆಸೇಜ್ ಬಂತು: ‘ಈ ಸಲದ ವಿಶೇಷಾಂಕಕ್ಕೂ ತಮ್ಮ ಲೇಖನ ಇರಲೇಬೇಕು ಮೇಡಂ.’ ಅದರ ಮೇಲಿನ ಸಾಲಿನಲ್ಲೇ ನನ್ನ ಹಳೇ ಪ್ರಶ್ನೆ ಇತ್ತು, ಎರಡು ನೀಲಿ ಗೆರೆಗಳ ಜತೆ. ನಾನು ಉತ್ತರ ಕೊಡಲಿಲ್ಲ. ಸಿಟ್ಟಿನಿಂದಲ್ಲ, ಏನು ಹೇಳಬೇಕೋ ತಿಳಿಯಲಿಲ್ಲ.

ಈಗ ಕೇಳುವುದು ಇಷ್ಟೇ. ನವೆಂಬರ್ 30ರೊಳಗೆ 5,200 ರೂಪಾಯಿ ನನ್ನ ಖಾತೆಗೆ ಹಾಕಿ. ಒಟ್ಟಿಗೆ ಆಗದಿದ್ದರೆ ಎರಡು ಕಂತಿನಲ್ಲಿ ಕೊಡಿ, ಆದರೆ ಎರಡರ ತಾರೀಕನ್ನೂ ಈಗಲೇ ಬರೆದು ತಿಳಿಸಿ. ಚೆಕ್ ಬೇಡ. ಹಣ ಹಾಕಿದ ಮೇಲೆ ಯುಟಿಆರ್ ನಂಬರ್ ಕಳಿಸಿ, ಎಮೋಜಿ ಇಲ್ಲದಿದ್ದರೂ ನಡೆಯುತ್ತದೆ. ಅವಧಿ ಮುಗಿದ ಚೆಕ್, ಎರಡು ಸಂಚಿಕೆಗಳಲ್ಲಿ ನನ್ನ ಬರಹ ಬಂದ ಪುಟಗಳ ನಕಲು, ಬಿಲ್ಲು, ದರದ ಮೆಸೇಜಿನ ಪ್ರಿಂಟ್, ಕವರಿನ ಫೋಟೊ ಲಗತ್ತಿಸಿದ್ದೇನೆ. ಪಾಸ್‌ಬುಕ್ಕಿನ ಮೊದಲ ಪುಟವನ್ನೂ ಇಟ್ಟಿದ್ದೇನೆ, ಇದು ನಾಲ್ಕನೇ ಸಲ. ಈ ಬಾರಿ ಐಎಫ್‌ಎಸ್‌ಸಿ ಕೋಡಿನ ಸುತ್ತ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ.

ಇಂತಿ,
ನಿಮ್ಮ 2024ರ ದೀಪಾವಳಿ ವಿಶೇಷಾಂಕದ ಲೇಖಕಿ