ವಾರಸುದಾರರು ಸಿಗದ ಪತ್ತೇದಾರಿ ಕಾದಂಬರಿಗಳ ಪರವಾಗಿ ಒಂದು ಬಹಿರಂಗ ಪತ್ರ

ಮಹಾನಿರ್ದೇಶಕರಿಗೆ,
ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ಜಿನೀವಾ

ಮಾನ್ಯರೇ,

ಮರೆತುಹೋದ ಪತ್ತೇದಾರಿ ಕಾದಂಬರಿಗಳನ್ನು ಹುಡುಕಿ ಮರುಮುದ್ರಿಸುವ ಪುಟ್ಟ ಪ್ರಕಾಶನವೊಂದರಲ್ಲಿ ಕರಡು ತಿದ್ದುವುದು ಮತ್ತು ಹಕ್ಕುದಾರರನ್ನು ಪತ್ತೆಹಚ್ಚುವುದು ನನ್ನ ಕೆಲಸ. ಎರಡನೆಯದಕ್ಕೇ ಹೆಚ್ಚು ಕಾಲ ಹಿಡಿಯುತ್ತದೆ. ಆ ಕುರಿತೇ ಈ ಅರಿಕೆ.

ಈಗ ನನ್ನ ಮೇಜಿನ ಮೇಲೊಂದು ಕಾದಂಬರಿಯಿದೆ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಉಳಿದುಕೊಂಡ ಆಮ್ಲ ಅದನ್ನು ದಶಕಗಳಿಂದ ಒಳಗೊಳಗೇ ತಿನ್ನುತ್ತ ಬಂದಿದೆ. ಅಂಚುಗಳು ಕಂದಾಗಿವೆ, ಹೊಲಿಗೆಯ ಬದಲು ಹಾಕಿದ ಪಿನ್ನು ತುಕ್ಕು ಹಿಡಿದಿದೆ, ಹಾಳೆ ತಿರುವಿದರೆ ಮೂಲೆ ಮುರಿದು ಕೈಗೆ ಬರುತ್ತದೆ. ಲೇಖಕರ ಹೆಸರು ಕಾವ್ಯನಾಮ. ಈ ಬಗೆಯ ಸಾಹಿತ್ಯದಲ್ಲಿ ಪ್ರಕಾಶಕರೇ ಇಟ್ಟುಕೊಂಡ ಒಂದು ಹೆಸರಿನಡಿ ಹಲವರು ಬರೆಯುತ್ತಿದ್ದುದೂ ಉಂಟು. ಪ್ರಕಾಶನ ಮುಚ್ಚಿ ಎಷ್ಟೋ ಕಾಲವಾಗಿದೆ. ಅದರ ವಿಳಾಸಕ್ಕೆ ಬರೆದ ಮೂರು ಪತ್ರಗಳೂ ಹಿಂದಿರುಗಿದವು. ಕಥೆ ಮಾತ್ರ ಇಂದಿಗೂ ಮೊದಲ ಪುಟದಲ್ಲೇ ಓದುಗನ ಕೈ ಹಿಡಿದು ಎಳೆದೊಯ್ಯುತ್ತದೆ.

ಇಂಥ ಪುಸ್ತಕಗಳು ಮರೆಯಾದರೆ ನಷ್ಟವೇನು ಎಂದು ಕೇಳುವವರಿಗೆ ನಾನು ಅಮೆರಿಕದ ಅಪರಾಧ ಕಾದಂಬರಿಕಾರ ಜಿಮ್ ಥಾಂಪ್ಸನ್ ಅವರ ಹೆಸರು ಹೇಳುತ್ತೇನೆ. 1977ರಲ್ಲಿ ಅವರು ತೀರಿಕೊಂಡಾಗ ಅವರ ಒಂದು ಕಾದಂಬರಿಯೂ ಅಮೆರಿಕದಲ್ಲಿ ಮುದ್ರಣದಲ್ಲಿರಲಿಲ್ಲ. 1980ರ ದಶಕದಲ್ಲಿ ಬ್ಲ್ಯಾಕ್ ಲಿಜರ್ಡ್ ಎಂಬ ಸಣ್ಣ ಪ್ರಕಾಶನ ಅವುಗಳನ್ನು ಮತ್ತೆ ಅಚ್ಚು ಹಾಕಿತು. ಇಂದು ಅಪರಾಧ ಸಾಹಿತ್ಯದ ಚರ್ಚೆ ಅವರನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಆದರೆ ಅಲ್ಲಿ ಒಪ್ಪಿಗೆ ಕೇಳಲು ಕುಟುಂಬವಿತ್ತು. ನಮ್ಮ ಮೇಜಿನ ಮೇಲಿರುವ ಪುಸ್ತಕಕ್ಕೆ ಅದೂ ಇಲ್ಲ.

ಕೃತಿಸ್ವಾಮ್ಯ ಪಡೆಯಲು ನೋಂದಣಿ ಮುಂತಾದ ಯಾವ ವಿಧಿವಿಧಾನವೂ ಬೇಕಿಲ್ಲವೆಂದು ತಮ್ಮ ಸಂಸ್ಥೆ ನಿರ್ವಹಿಸುವ, ಕೃತಿಸ್ವಾಮ್ಯ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಡಂಬಡಿಕೆಯ 5(2)ನೇ ವಿಧಿ ಹೇಳುತ್ತದೆ. ಬಡ ಲೇಖಕನನ್ನು ಕಾಯುವ ಆ ನಿಯಮವನ್ನು ಸಡಿಲಿಸಿರೆಂದು ನಾನು ಎಂದೂ ಕೇಳುವುದಿಲ್ಲ. ಆದರೆ ನೋಂದಣಿಯಿಲ್ಲದಿದ್ದರೆ ಹಕ್ಕು ಯಾರದೆಂಬ ದಾಖಲೆಯೂ ಇರುವುದಿಲ್ಲ. ಲೇಖಕರ ಮರಣಾನಂತರ 70 ವರ್ಷ ಹಕ್ಕು ಉಳಿಯುವ ದೇಶಗಳಲ್ಲಿ, ಮೂವತ್ತರ ವಯಸ್ಸಿನಲ್ಲಿ ಬರೆದು ಎಂಬತ್ತರವರೆಗೆ ಬಾಳಿದವರ ಕಾದಂಬರಿಯನ್ನು 120 ವರ್ಷ ಅನುಮತಿಯಿಲ್ಲದೆ ಮುದ್ರಿಸುವಂತಿಲ್ಲ. ಅನುಮತಿ ಕೊಡುವವರೇ ಸಿಗದಿದ್ದಾಗ ಅಷ್ಟು ಕಾಲ ಕಾಯಲು ಈ ಕಾಗದಕ್ಕೆ ತ್ರಾಣವಿಲ್ಲ.

ಯುರೋಪಿಯನ್ ಒಕ್ಕೂಟ 2012ರಲ್ಲಿ ಅನಾಥ ಕೃತಿಗಳ, ಅಂದರೆ ಹಕ್ಕುದಾರರು ಯಾರೆಂದು ತಿಳಿಯದ ಅಥವಾ ಹುಡುಕಿದರೂ ಸಿಗದ ಕೃತಿಗಳ, ಬಗ್ಗೆ ನಿರ್ದೇಶನ ಹೊರಡಿಸಿತಾದರೂ ಅದರ ಪ್ರಯೋಜನ ಗ್ರಂಥಾಲಯ, ವಸ್ತುಸಂಗ್ರಹಾಲಯ, ಸಾರ್ವಜನಿಕ ಪ್ರಸಾರ ಸಂಸ್ಥೆಗಳಂಥವಕ್ಕೇ ಮೀಸಲು. ಸಣ್ಣ ಪ್ರಕಾಶಕರಿಗೆ ಅಲ್ಲಿ ಬಾಗಿಲಿಲ್ಲ. ಬ್ರಿಟನ್ 2014ರಲ್ಲಿ ತಂದ ವ್ಯವಸ್ಥೆ ನನಗೆ ಹೆಚ್ಚು ನ್ಯಾಯವೆನಿಸುತ್ತದೆ. ಪ್ರಾಮಾಣಿಕವಾಗಿ ಹುಡುಕಿದ್ದೇವೆಂದು ತೋರಿಸಿದವರಿಗೆ ಏಳು ವರ್ಷಗಳವರೆಗಿನ ಪರವಾನಗಿ ಸಿಗುತ್ತದೆ, ಕಟ್ಟಿದ ಶುಲ್ಕ ವಾರಸುದಾರರಿಗಾಗಿ ತೆಗೆದಿರಿಸಲ್ಪಡುತ್ತದೆ. ಆದರೆ ಆ ಪರವಾನಗಿ ಬ್ರಿಟನ್ನಿನ ಗಡಿ ದಾಟುವುದಿಲ್ಲ, ಪುಸ್ತಕಗಳ ಓದುಗರೋ ಎಲ್ಲ ಕಡೆ ಇದ್ದಾರೆ.

ಆದ್ದರಿಂದ ತಾವು ತಮ್ಮ ಸಂಸ್ಥೆಯ ಕೃತಿಸ್ವಾಮ್ಯದ ಸ್ಥಾಯೀ ಸಮಿತಿಯ ಮುಂದೆ ಇಂಥ ಕೃತಿಗಳಿಗಾಗಿ ಒಂದು ಮಾದರಿ ನಿಯಮಗಳ ಕರಡನ್ನಿಡಬೇಕೆಂದು ಕೋರುತ್ತೇನೆ. ಒಂದು ದೇಶದಲ್ಲಿ ನಡೆಸಿದ ಹುಡುಕಾಟವನ್ನು ಇನ್ನೊಂದು ದೇಶ ಮಾನ್ಯ ಮಾಡಬೇಕು. ಸಾವಿರ ಪ್ರತಿ ಅಚ್ಚು ಹಾಕುವವರೂ ಕಟ್ಟಬಲ್ಲಷ್ಟೇ ಶುಲ್ಕವಿರಬೇಕು. ವಾರಸುದಾರರು ಎಂದಾದರೂ ಬಂದರೆ ಹಣವೂ, ಮುಂದಿನ ಮುದ್ರಣ ಬೇಡವೆನ್ನುವ ಅಧಿಕಾರವೂ ಅವರದಾಗಬೇಕು. ದೃಷ್ಟಿಹೀನ ಓದುಗರು ಬಳಸಬಲ್ಲ ರೂಪದಲ್ಲಿ ಪುಸ್ತಕಗಳನ್ನು ಸಿದ್ಧಪಡಿಸಲು ಕೃತಿಸ್ವಾಮ್ಯದಿಂದ ವಿನಾಯಿತಿ ಕೊಡುವ ಮರಕೇಶ್ ಒಪ್ಪಂದವನ್ನು 2013ರಲ್ಲಿ ಸಾಧ್ಯವಾಗಿಸಿದ್ದು ತಮ್ಮದೇ ಸಂಸ್ಥೆ. ಇದೂ ಅದರ ಶಕ್ತಿಗೆ ಮೀರಿದ್ದಲ್ಲ.

ನಮ್ಮ ಹುಡುಕಾಟದ ಕಡತವನ್ನು, ಹಿಂದಿರುಗಿದ ಆ ಮೂರು ಲಕೋಟೆಗಳ ಸಮೇತ, ಸಮಿತಿ ಕೇಳಿದ ದಿನವೇ ಕಳಿಸಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮರುಮುದ್ರಣದ ಸಂಪಾದಕ